ಬೆಳಗಾವಿಗೆ ಬಂದ ಅನುದಾನ ಹಾವೇರಿಗೇಕೆ ಬಾರದು?

ಬ್ಯಾಡಗಿ ಮೆಣಸಿನಕಾಯಿ ಹಡಗು ಹತ್ತುವ ಮುಂಚೆ ಹಲವು ಪರೀಕ್ಷೆ ದಾಟಬೇಕು. ಕೀಟನಾಶಕದ ಉಳಿಕೆ ಎಷ್ಟು, ಬೂಷ್ಟಿನ ವಿಷ ಎಷ್ಟು, ಬಣ್ಣ ಎಷ್ಟು ಎಂದು ಯುರೋಪಿನ ಖರೀದಿದಾರ ಪ್ರತಿಯೊಂದಕ್ಕೂ ಲೆಕ್ಕ ಕೇಳುತ್ತಾನೆ. ಅದೇ ಬೆಳೆಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆದವನ ರಕ್ತದಲ್ಲಿ ಏನಿದೆ, ದಿನವಿಡೀ ಘಾಟಿನಲ್ಲಿ ಕುಳಿತು ತೊಟ್ಟು ಬಿಡಿಸುವ ಹೆಂಗಸಿನ ಎದೆಯಲ್ಲಿ ಏನಾಗಿದೆ ಎಂದು ಕೇಳುವ ವಾಡಿಕೆ ಮಾತ್ರ ಬೆಳೆದಿಲ್ಲ. ಕೇಳುವುದಕ್ಕೆ ಹಣ ಬೇಕು, ತರಬೇತಿ ಪಡೆದ ಜನ ಬೇಕು. ಜಗತ್ತಿನಲ್ಲಿ ಇವೆರಡೂ ಇವೆ. ಹಾವೇರಿ ಜಿಲ್ಲೆಗೆ ಬರುವ ದಾರಿ ಮಾತ್ರ ಇನ್ನೂ ಆಗಿಲ್ಲ.

ಅಂತರರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಎಂದರೆ ಜಿನೀವಾದ ಕಚೇರಿ, ವಿಮಾನ ಟಿಕೆಟ್ಟು, ಇಂಗ್ಲಿಷ್ ಭಾಷಣ ಎಂಬ ಕಲ್ಪನೆ ನಮ್ಮ ಕಡೆ ಬೇರೂರಿದೆ. ಜಿಲ್ಲೆಯ ಹೊಸರಿತ್ತಿ, ಗುತ್ತಲ, ರಾಣೆಬೆನ್ನೂರಿನ ಮನೆಗಳಲ್ಲಿ ‘ಹೊರದೇಶದ ಆರೋಗ್ಯ ಕೆಲಸ’ ಎಂದರೆ ನರ್ಸಿಂಗ್ ಓದಿದ ಮಗಳು ಕೊಲ್ಲಿ ದೇಶಕ್ಕೋ ಇಂಗ್ಲೆಂಡಿಗೋ ಹೋಗುವುದು. ಅದರಲ್ಲಿ ತಪ್ಪೇನಿಲ್ಲ, ಸಂಬಳ ಚೆನ್ನಾಗಿದೆ. ಆದರೆ ಈ ಕ್ಷೇತ್ರದ ದೊಡ್ಡ ಪಾಲಿನ ಕೆಲಸ ನಡೆಯುವುದು ಜಿನೀವಾದಲ್ಲಲ್ಲ, ಉಪಕೇಂದ್ರದ ಜಗಲಿಯ ಮೇಲೆ.

ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಬೆಳಗಾವಿ ಸಾಕು. ಅಲ್ಲಿನ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು (ಎನ್‌ಐಎಚ್) ನಡೆಸುವ ತಾಯಿ-ಮಕ್ಕಳ ಆರೋಗ್ಯ ಸಂಶೋಧನಾ ಜಾಲಕ್ಕೆ ಸೇರಿತು. ಆಗ ಹಳ್ಳಿಯ ಹೆರಿಗೆಗಳಲ್ಲಿ ಹೆಚ್ಚು ಜೀವ ತೆಗೆಯುತ್ತಿದ್ದದ್ದು ಹೆರಿಗೆಯ ನಂತರದ ರಕ್ತಸ್ರಾವ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು, ತಂಪಿನಲ್ಲಿ ಇಡಬೇಕಾದದ್ದು. ಕರೆಂಟಿಲ್ಲದ ಉಪಕೇಂದ್ರದಲ್ಲಿ ಅದು ಇದ್ದೂ ಇಲ್ಲದಂತೆ. ಬದಲಿಗೆ ನುಂಗುವ ಮಾತ್ರೆಯಾದ ಮಿಸೊಪ್ರೊಸ್ಟಾಲ್ ಕೊಟ್ಟರೆ ಹೇಗೆ?

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಗರ್ಭಿಣಿಯರ ಮೇಲೆ ಈ ಪ್ರಶ್ನೆಯ ಪರೀಕ್ಷೆ ನಡೆಯಿತು. ಮಾತ್ರೆ ಕೊಟ್ಟವರು, ಹೋದ ರಕ್ತವನ್ನು ಅಳೆದವರು, ದಾಖಲೆ ಬರೆದವರು ವಿದೇಶಿ ತಜ್ಞರಲ್ಲ. ಊರ ಜನ ‘ಸಿಸ್ಟರ್’ ಎಂದು ಕರೆಯುವ ಎಎನ್‌ಎಂಗಳು. ಫಲಿತಾಂಶ ಸ್ಪಷ್ಟವಾಗಿತ್ತು: ಮಾತ್ರೆ ಪಡೆಯದವರಲ್ಲಿ ಶೇ 12ರಷ್ಟಿದ್ದ ಅತಿ ರಕ್ತಸ್ರಾವ, ಪಡೆದವರಲ್ಲಿ ಶೇ 6.4ಕ್ಕೆ ಇಳಿದಿತ್ತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಂದು ಆಫ್ರಿಕದ ಯಾವುದೋ ಗುಡಿಸಲಲ್ಲಿ ಹೆರುವ ತಾಯಿಗೆ ಆ ಮಾತ್ರೆ ಸಿಗುತ್ತದೆ ಎಂದರೆ ಅದರ ಹಿಂದೆ ಬೆಳಗಾವಿ ಸೀಮೆಯ ಬಾಣಂತಿಯರೂ ಇದ್ದಾರೆ.

ಒಂದು ಅನುದಾನ ಇನ್ನೊಂದನ್ನು ಎಳೆದು ತರುತ್ತದೆ. ಗರ್ಭಿಣಿಯರ ಮನೆಬಾಗಿಲಿಗೆ ಹೋಗಿ ಆಶಾ ಕಾರ್ಯಕರ್ತೆಯರು ಮೊಬೈಲ್ ಆ್ಯಪಿನ ನೆರವಿನಿಂದ ರಕ್ತದೊತ್ತಡ ನೋಡುವ ಪ್ರಯೋಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆಯಿತು. ಹಣ ಗೇಟ್ಸ್ ಪ್ರತಿಷ್ಠಾನದ್ದು, ಸಂಗಾತಿ ಕೆನಡದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ. ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಆದರೂ ಆ ಹಣ ನೀರಿಗೆ ಹೋಯಿತು ಎನ್ನಲಾಗದು. ಅಳೆಯಲು, ಬರೆಯಲು, ಲೆಕ್ಕ ಒಪ್ಪಿಸಲು ಕಲಿತ ಒಂದು ಪಡೆ ಊರಲ್ಲೇ ಉಳಿಯಿತು. ಹೆರಿಗೆ ನೋವಿನ ವೇಳೆ ಒಂದೇ ಒಂದು ಸಲ ಅಜಿತ್ರೊಮೈಸಿನ್ ಕೊಟ್ಟರೆ ತಾಯಂದಿರ ನಂಜು ಕಡಿಮೆಯಾಗುತ್ತದೆ ಎಂದು ಏಳು ದೇಶಗಳ 29 ಸಾವಿರ ಮಹಿಳೆಯರ ಅಧ್ಯಯನ 2023ರಲ್ಲಿ ತೋರಿಸಿದಾಗ, ಅದರಲ್ಲೂ ಬೆಳಗಾವಿ ಇತ್ತು.

ಉದ್ಯೋಗದ ಕಣ್ಣಿಂದ ನೋಡಿದರೆ ಇಲ್ಲಿ ವೈದ್ಯರಷ್ಟೇ ಇಲ್ಲ. ಇಂಥ ಅಧ್ಯಯನಕ್ಕೆ ಕ್ಷೇತ್ರ ಮೇಲ್ವಿಚಾರಕರು ಬೇಕು, ಸಂಖ್ಯಾಶಾಸ್ತ್ರ ಓದಿದವರು ಬೇಕು, ದತ್ತಾಂಶ ನೋಡಿಕೊಳ್ಳುವವರು, ಲೆಕ್ಕಿಗರು, ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆದು ಓದಿ ತಿಳಿಸುವವರು ಬೇಕು. ಧಾರವಾಡದಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ ಊರಿಗೆ ಮರಳಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತಿರುವ ನೂರಾರು ಹುಡುಗ-ಹುಡುಗಿಯರು ಮಾಡಬಲ್ಲ ಕೆಲಸವಿದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಜನರ ಮಾತನ್ನು ಕೇಳಿ ಬರೆದುಕೊಳ್ಳುವುದು ಅಲ್ಲಿನ ವಿದ್ಯಾರ್ಥಿಯ ಕಸುಬು. ಆರೋಗ್ಯ ಸಂಶೋಧನೆಗೆ ಅದು ಎಷ್ಟು ಬೇಕಾದ ವಿದ್ಯೆ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಹಾಗೆ ಕೇಳಿದ್ದರಿಂದ ಏನಾಗುತ್ತದೆ ಎಂಬುದಕ್ಕೆ ತುಮಕೂರು ಸೀಮೆಯಲ್ಲಿ ಹಳೆಯ ಉದಾಹರಣೆಯಿದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ನೆರವಿನೊಂದಿಗೆ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ಆದರೆ ಅರ್ಧದಷ್ಟು ಮಂದಿ ಕೆಮ್ಮುತ್ತಲೇ ಸರ್ಕಾರಿ ದವಾಖಾನೆಗೆ ಹೋಗಿದ್ದರು, ರೋಗ ಹಿಡಿಯುವ ಬದಲು ಕೆಮ್ಮಿನ ಔಷಧ ಕೊಟ್ಟು ಕಳಿಸಲಾಗಿತ್ತು ಎಂಬುದು ಹೊರಬಿತ್ತು. ಆ ಸಂಸ್ಥೆಯ ಆರಂಭದ ದಿನಗಳಲ್ಲಿ ಅಲ್ಲಿ ದುಡಿದ ಡೆನ್ಮಾರ್ಕಿನ ಹಾಫ್‌ಡಾನ್ ಮಾಲರ್ ಮುಂದೆ 1973ರಿಂದ 15 ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದರು.

ಹಾಗಾದರೆ ಹಾವೇರಿಗೆ ಅಡ್ಡಿ ಏನು? ಪ್ರತಿಭೆಯ ಕೊರತೆಯಂತೂ ಅಲ್ಲ. ವಿದೇಶಿ ದಾನಿಯ ಹಣ ಪ್ರತಿಭೆಯನ್ನು ಹುಡುಕಿಕೊಂಡು ಬರುವುದಿಲ್ಲ, ಹಣ ಹಿಡಿಯಬಲ್ಲ ಸಂಸ್ಥೆಯನ್ನು ಹುಡುಕಿಕೊಂಡು ಬರುತ್ತದೆ. ನೋಂದಾಯಿತ ನೈತಿಕ ಸಮಿತಿ, ಅಚ್ಚುಕಟ್ಟಾದ ಲೆಕ್ಕಪತ್ರ, ಕೆಲವು ವರ್ಷಗಳ ದಾಖಲೆ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲ ನಾಲ್ಕು ಜನ ಇಲ್ಲದಿದ್ದರೆ ಬಾಗಿಲು ತೆರೆದಿದ್ದರೂ ಒಳಗೆ ಹೋಗಲಾಗದು. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಅನುದಾನ ತಂದು ಜಿಲ್ಲೆಯ ಸಣ್ಣ ಸಂಸ್ಥೆಗೆ ಒಂದು ಪಾಲು ಹಂಚಬಹುದಿತ್ತು. 2020ರ ವಿದೇಶಿ ದೇಣಿಗೆ ಕಾಯ್ದೆ ತಿದ್ದುಪಡಿ ಆ ಹಂಚಿಕೆಯನ್ನೇ ನಿಲ್ಲಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ದುರುಪಯೋಗ ತಡೆಯುವ ಉದ್ದೇಶ ಸರಿಯೇ ಇರಬಹುದು, ಆದರೆ ಪೆಟ್ಟು ಬಿದ್ದದ್ದು ತಾಲ್ಲೂಕು ಮಟ್ಟದ ಸಂಘಗಳಿಗೆ.

2025 ಇನ್ನೊಂದು ಪೆಟ್ಟು ಕೊಟ್ಟಿತು. ಅಮೆರಿಕ ವಿದೇಶಿ ನೆರವು ನೀಡುವ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು, ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬೀಳುವುದಾಗಿ ಸಾರಿತು. ತನ್ನ ವಿಶ್ವವಿದ್ಯಾಲಯಗಳ ಮೂಲಕ ವಿದೇಶಿ ಸಂಸ್ಥೆಗಳಿಗೆ ಉಪ-ಅನುದಾನ ಕೊಡುವ ಪದ್ಧತಿಯನ್ನು ಎನ್‌ಐಎಚ್ ಮೇ ತಿಂಗಳಲ್ಲಿ ತಡೆಹಿಡಿಯಿತು. ಒಬ್ಬನೇ ದಾನಿಯನ್ನು ನೆಚ್ಚಿಕೊಂಡು ಜಿಲ್ಲೆಯ ಆರೋಗ್ಯ ಸಂಶೋಧನೆ ಕಟ್ಟುವುದು ಎಷ್ಟು ಅಪಾಯ ಎಂಬುದು ಈಗ ಎಲ್ಲರಿಗೂ ಕಾಣುತ್ತಿದೆ.

ಎಲ್ಲ ಬಾಗಿಲೂ ಮುಚ್ಚಿಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ ಕೂಡಿ 2008ರಲ್ಲಿ ಕಟ್ಟಿದ ‘ಇಂಡಿಯಾ ಅಲಯನ್ಸ್’ ವೈದ್ಯರಿಗೂ ಸಾರ್ವಜನಿಕ ಆರೋಗ್ಯ ಸಂಶೋಧಕರಿಗೂ ಫೆಲೋಶಿಪ್ ಕೊಡುತ್ತ ಬಂದಿದೆ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್‌ನ ಅಲ್ಪಾವಧಿ ಸಂಶೋಧನಾ ವೇತನವಿದೆ. ಬ್ರಿಟನ್ನಿನಲ್ಲಿ ಓದಲು ಚೀವ್ನಿಂಗ್, ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳಿವೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಇಂಟರ್ನ್‌ಗಳಿಗೆ 2020ರಿಂದ ಭತ್ಯೆ ಕೊಡತೊಡಗಿತು. ಅದಕ್ಕೆ ಮುಂಚೆ ಜಿನೀವಾದ ದುಬಾರಿ ಬಾಡಿಗೆ ಭರಿಸಬಲ್ಲ ಮನೆಯ ಮಕ್ಕಳಿಗಷ್ಟೇ ಆ ಅವಕಾಶ ಎಂಬಂತಿತ್ತು.

ಇವೆಲ್ಲಕ್ಕಿಂತ ಹಾವೇರಿಗೆ ಹತ್ತಿರದ ವಿಷಯ ಹಾವು ಕಡಿತ. ಗೋವಿನಜೋಳ ಮುರಿಯುವವರಿಗೆ, ನಡುರಾತ್ರಿ ಕರೆಂಟು ಬಂದಿತೆಂದು ಹೊಲಕ್ಕೆ ನೀರು ಬಿಡಲು ಓಡುವವರಿಗೆ ಇದನ್ನು ವಿವರಿಸಬೇಕಿಲ್ಲ. ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿದು ಸಾಯುತ್ತಾರೆ ಎಂಬ ಅಂದಾಜಿದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು, 2019ರಲ್ಲಿ ವೆಲ್‌ಕಮ್ 8 ಕೋಟಿ ಪೌಂಡ್ ಘೋಷಿಸಿತು. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ, ಮಾರುಕಟ್ಟೆಯ ಪ್ರತಿವಿಷ ಎಲ್ಲೆಡೆ ಒಂದೇ ತೆರನಾಗಿ ಕೆಲಸ ಮಾಡುವುದಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ಆ ಕೆಲಸಕ್ಕೆ ಇಂಡಿಯಾ ಅಲಯನ್ಸ್ ನೆರವೂ ಇತ್ತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಂದರೆ ಪ್ರತಿ ಆಸ್ಪತ್ರೆಯ ಪುಸ್ತಕದಲ್ಲಿ ಈಗ ಮಾಹಿತಿ ತುಂಬುತ್ತಿರಬೇಕು. ಅದನ್ನು ಕೂಡಿಸಿ, ಯಾವ ಊರಿನಿಂದ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದರು, ಯಾರು ಉಳಿದರು ಎಂದು ನೋಡಿದರೆ, ದಾನಿಗಳ ಮುಂದಿಡಲು ಅದಕ್ಕಿಂತ ಒಳ್ಳೆಯ ಅರ್ಜಿ ಬೇಕಿಲ್ಲ.

ಹೊಸರಿತ್ತಿಯ ಜನಕ್ಕೆ ಸಂಸ್ಥೆ ಕಟ್ಟುವುದು ಹೊಸದಲ್ಲ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರದು, ಗಾಂಧಿ ಗ್ರಾಮೀಣ ಗುರುಕುಲ ನಿಂತಿರುವ ಊರು. ಆರೋಗ್ಯದ ವಿಷಯದಲ್ಲಿ ಅಂಥ ಕೆಲಸವನ್ನು ಈಗ ಮಾಡಬೇಕಾದದ್ದು ಹಾವೇರಿ ವೈದ್ಯಕೀಯ ಕಾಲೇಜು. ಅಲ್ಲಿಗೊಂದು ಸಂಶೋಧನಾ ಘಟಕ, ಅದಕ್ಕೆ ಅರ್ಜಿ ಬರೆಯಲೆಂದೇ ಇಬ್ಬರು ನೌಕರರು, ಒಬ್ಬ ಸಂಖ್ಯಾಶಾಸ್ತ್ರಜ್ಞರನ್ನು ಕೊಡುವುದು ಸರ್ಕಾರಕ್ಕೆ ದೊಡ್ಡ ಖರ್ಚಲ್ಲ. ಜೊತೆಗೆ ರಾಜ್ಯವೇ ಸಣ್ಣ ಅನುದಾನಗಳ ನಿಧಿಯೊಂದನ್ನು ತೆರೆದು, ಕನ್ನಡದಲ್ಲೇ ಅರ್ಜಿ ಪಡೆಯಬೇಕು. ಎಎನ್‌ಎಂಗಳು, ಆಶಾಗಳು, ತಾಲ್ಲೂಕು ಆರೋಗ್ಯಾಧಿಕಾರಿಗಳು ತಮ್ಮ ಪ್ರಶ್ನೆಯನ್ನು ತಾವೇ ಬರೆಯುವಂತಾಗಬೇಕು. ಆಶಾ ಕಾರ್ಯಕರ್ತೆಯರಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾಗತಿಕ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ಅದೇ ಆಶಾಗಳು 2025ರ ಜನವರಿಯಲ್ಲಿ ತಿಂಗಳ ಗೌರವಧನದ ಹೆಚ್ಚಳಕ್ಕಾಗಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕೂತಿದ್ದರು. ಯಾವ ಸಂಶೋಧನೆಯೇ ಬರಲಿ, ಅವರ ಸಮಯಕ್ಕೆ ಬೆಲೆ ಕಟ್ಟದೆ, ಪ್ರಬಂಧದಲ್ಲಿ ಅವರ ಹೆಸರು ಬರೆಯದೆ ಅನುಮತಿ ಕೊಡಬಾರದು.

ಹಾವೇರಿ ವೈದ್ಯಕೀಯ ಕಾಲೇಜಿಗೆ 2022-23ರಲ್ಲಿ ಸೇರಿದ ಮೊದಲ ತಂಡ 2028ರ ಹೊತ್ತಿಗೆ ಇಂಟರ್ನ್‌ಶಿಪ್ ಮುಗಿಸಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಈ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ವರ್ಷಗಟ್ಟಲೆ ಅವರ ರಕ್ತದೊತ್ತಡ, ರಕ್ತಹೀನತೆ, ಔಷಧೋಪಚಾರವನ್ನು ಗಮನಿಸಬೇಕು. ಆ ಮಾಹಿತಿ ಪರೀಕ್ಷಕರ ಸಹಿಗಾಗಿ ಲಾಗ್‌ಬುಕ್ಕಿನಲ್ಲೇ ಉಳಿದುಬಿಡಬಾರದು. ಮುಂದಿನ ತಂಡ ಹಳ್ಳಿಗೆ ಹೋಗುವ ಮುಂಚೆ, ಎಲ್ಲರೂ ಒಂದೇ ನಮೂನೆಯಲ್ಲಿ, ಜನರ ಒಪ್ಪಿಗೆ ಪಡೆದು, ಎಣ್ಣೆ ಹೊಡೆಯುವವರ ಮತ್ತು ತೊಟ್ಟು ಬಿಡಿಸುವವರ ಕೆಲಸದ ವಿವರವನ್ನೂ ಸೇರಿಸಿ ದಾಖಲಿಸುವಂತೆ ಕಾಲೇಜು ನಿರ್ಧರಿಸಬಹುದು. ಅದಕ್ಕೆ ಯಾವ ವಿದೇಶಿ ದಾನಿಯ ಅಪ್ಪಣೆಯೂ ಬೇಕಿಲ್ಲ, ಜಿಲ್ಲಾಡಳಿತದ ಜೊತೆ ಒಂದು ಸಭೆ ಸಾಕು.