ನೆಲದ ಮೇಲೆ ಕಲಿಯಬೇಕಾದ ಗಗನಯಾನ

ಬೆಳಗಾವಿಯ ಸಾಂಬ್ರಾ ವಿಮಾನನಿಲ್ದಾಣದಲ್ಲಿ ವೈಮಾನಿಕ ಶಿಕ್ಷಣವು ನೆಲೆಗೊಂಡಿರುವುದು ನಮ್ಮ ಗಡಿನಾಡಿನ ತರುಣರಿಗೆ ಹರ್ಷದ ಸಂಗತಿಯೇ ಸರಿ. ಆದರೆ ಈ ವಿದ್ಯೆಯ ಸಾರವು ವಿಮಾನವನ್ನು ಏರಿಸಿ ಇಳಿಸುವ ಹಸ್ತಕೌಶಲದಲ್ಲಿ ಮಾತ್ರ ಅಡಗಿಲ್ಲ. ಊರಿಂದೂರಿಗೆ ಸಾಗುವ ಕ್ರಾಸ್‌ಕಂಟ್ರಿ ಯಾನವನ್ನು ಹೊರಡುವ ಮೊದಲೇ ಮನಸ್ಸಿನಲ್ಲಿ ಹಾರಿ ಮುಗಿಸಬಲ್ಲ ವಿವೇಕದಲ್ಲಿದೆ. ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟೊಡನೆ ಹಾದಿ ಮೂಡುವ ಈ ಕಾಲದಲ್ಲಿ ಆ ವಿವೇಕದ ಶಿಕ್ಷಣ ಶಿಥಿಲವಾಗಬಾರದೆಂಬುದೇ ನನ್ನ ವಿಜ್ಞಾಪನೆ.

ನಮ್ಮ ಯಡೂರನ್ನೇ ಗುರಿಯಾಗಿ ಇಟ್ಟುಕೊಳ್ಳೋಣ. ಸಾಂಬ್ರಾದಿಂದ ಬಹುಮಟ್ಟಿಗೆ ನೇರ ಉತ್ತರಕ್ಕೆ, ಸುಮಾರು 80 ಕಿಲೋಮೀಟರ್ ದೂರದಲ್ಲಿ, ದೂಧಗಂಗೆಯು ಕೃಷ್ಣೆಯನ್ನು ಕೂಡುವ ಈ ಸ್ಥಳವಿದೆ. ಗಂಟೆಗೆ 160 ಕಿಲೋಮೀಟರ್ ವೇಗದ ತರಬೇತಿ ವಿಮಾನಕ್ಕೆ ಇದು ಅರ್ಧ ಗಂಟೆಯ ದಾರಿ. ಪಡುವಣದಿಂದ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದ್ದು, ವಿದ್ಯಾರ್ಥಿಯು ಅದನ್ನು ಲೆಕ್ಕಿಸದೆ ಮೂತಿಯನ್ನು ಉತ್ತರಕ್ಕೇ ಹಿಡಿದನೆಂದರೆ, ಅರ್ಧ ಗಂಟೆಯಲ್ಲಿ ವಿಮಾನವು 15 ಕಿಲೋಮೀಟರ್ ಪೂರ್ವಕ್ಕೆ ಸರಿದಿರುತ್ತದೆ. ಅಲ್ಲಿಯೂ ಕೆಳಗೆ ಕೃಷ್ಣೆಯೇ ಕಾಣುವುದರಿಂದ, ತಾನು ಸೇರಬೇಕಾದಲ್ಲಿಗೆ ಸೇರಿದೆನೆಂಬ ಭ್ರಾಂತಿ ಸುಲಭವಾಗಿ ಹುಟ್ಟೀತು. ಸಂಗಮವನ್ನೇ ಗುರುತಾಗಿ ನಂಬಿದರೂ ಸಾಲದು. ತುಸು ಮೇಲೆ, ನರಸೋಬವಾಡಿಯಲ್ಲಿ, ಪಂಚಗಂಗೆಯೂ ಇದೇ ಕೃಷ್ಣೆಯನ್ನು ಪಶ್ಚಿಮದಿಂದಲೇ ಕೂಡುತ್ತದೆ. ಮಳೆಗಾಲದ ಮಹಾಪೂರದಲ್ಲಂತೂ ನಕ್ಷೆಯ ತೆಳುಗೆರೆಗೂ ಕೆಳಗಿನ ಜಲರಾಶಿಗೂ ಸಾಮ್ಯವೇ ಉಳಿಯದು. ಆದುದರಿಂದ ಯಾವ ನಿಮಿಷಕ್ಕೆ ಯಾವ ಗುರುತು ಯಾವ ಬದಿಗೆ ಬರಬೇಕು, ಬಾರದಿದ್ದರೆ ಎಲ್ಲಿಂದ ಹಿಂದಿರುಗಬೇಕು, ಕೊಲ್ಲಾಪುರದಲ್ಲಿ ಇಳಿಯುವುದಾದರೆ ಎದುರುಗಾಳಿಯಲ್ಲಿ ಇಂಧನವೆಷ್ಟು ವ್ಯಯವಾದೀತು ಎಂಬುದೆಲ್ಲವೂ ಹೊರಡುವ ಮುನ್ನವೇ ನಿಶ್ಚಿತವಾಗಿರತಕ್ಕದ್ದು.

ಅನುಭವಿಗಳಿಗೆ ಇಷ್ಟು ಜಾಗರೂಕತೆ ಅನಾವಶ್ಯಕವೆಂದು ಬಗೆಯುವವರು 1989ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ ದೇಶದ ಮರಾಬಾದಿಂದ ಬೆಲೆಂಗೆ ಹೊರಟ ವಾರಿಗ್ ಸಂಸ್ಥೆಯ ಬೋಯಿಂಗ್ 737ರ ಕಥೆಯನ್ನು ನೆನೆಯಬೇಕು. ಯೋಜನಾಪತ್ರದಲ್ಲಿ 27 ಡಿಗ್ರಿಯನ್ನು 0270 ಎಂದು ಮುದ್ರಿಸಿದ್ದುದನ್ನು ಕ್ಯಾಪ್ಟನ್ 270 ಎಂದು ಗ್ರಹಿಸಿದರು; ಸಹಚಾಲಕರು ಪತ್ರವನ್ನು ಸ್ವತಂತ್ರವಾಗಿ ಪರಿಶೀಲಿಸದೆ ಅದೇ ಅಂಕಿಯನ್ನು ಅನುಸರಿಸಿದರು. ಉತ್ತರಾಭಿಮುಖವಾಗಿರಬೇಕಾದ ವಿಮಾನವು ಅಸ್ತಮಿಸುವ ಸೂರ್ಯನೆಡೆಗೇ ಸಾಗುತ್ತಿದ್ದರೂ ಎಚ್ಚರ ಮೂಡಲಿಲ್ಲ. ಇಂಧನ ತೀರಿ ಅದು ಅಮೆಜಾನ್ ಅರಣ್ಯಕ್ಕೆ ಇಳಿದಾಗ, 54 ಮಂದಿಯಲ್ಲಿ ಹತ್ತಕ್ಕೂ ಹೆಚ್ಚು ಜನ ಅಸುನೀಗಿದರು. ಅಲ್ಲಿ ಪತ್ರದ ಕೊರತೆಯಿರಲಿಲ್ಲ. ಪತ್ರವನ್ನು ಪ್ರಶ್ನಿಸುವ ಬುದ್ಧಿಯ ಕೊರತೆಯಿತ್ತು.

ನಮ್ಮ ದೇಶದ ನಿಯಮದಂತೆ ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳ ಹಾರಾಟದಲ್ಲಿ, ತಾನೇ ವಿಮಾನದ ಹೊಣೆಹೊತ್ತು ನಡೆಸಿದ ಕ್ರಾಸ್‌ಕಂಟ್ರಿ ಯಾನವು 20 ಗಂಟೆಗಳಾದರೂ ಇರಬೇಕು. ಅದರಲ್ಲಿ 300 ನಾಟಿಕಲ್ ಮೈಲಿಯ ಒಂದು ಯಾನವೂ ಸೇರಿರಬೇಕು. ಗಂಟೆಗಳನ್ನು ಲಾಗ್‌ಬುಕ್ಕು ಎಣಿಸೀತು, ವಿವೇಚನೆಯನ್ನು ಎಣಿಸಲಾರದು. ಅದನ್ನು ಪರೀಕ್ಷಿಸಬೇಕಾದವನು ಇನ್‌ಸ್ಟ್ರಕ್ಟರನೇ. ಜಿಪಿಎಸ್ಸನ್ನು ತ್ಯಜಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಉಪಯುಕ್ತ ಸಾಧನ. ಆದರೆ ವಿದ್ಯಾರ್ಥಿಯು ಮೊದಲು ನಕ್ಷೆಯ ಮೇಲೆ ಗೆರೆ ಎಳೆದು, ಗಾಳಿಯನ್ನೂ ಇಂಧನವನ್ನೂ ಕೈಯಾರೆ ಗುಣಿಸಿ, ಬಳಿಕವಷ್ಟೇ ಯಂತ್ರದ ಉತ್ತರದೊಡನೆ ಹೋಲಿಸಲಿ. ಎರಡಕ್ಕೂ ತಾಳೆಯಾಗದಿದ್ದಲ್ಲಿ ಕಾರಣವನ್ನು ತಾನೇ ಶೋಧಿಸಲಿ. ಹವಾಮಾನವನ್ನು ಕಂಡು ಇಂದು ಹೊರಡಲಾರೆನೆಂದು ಸಕಾರಣವಾಗಿ ನಿಂತ ವಿದ್ಯಾರ್ಥಿಯನ್ನು ಅಳುಕಿನವನೆಂದು ಹೀಗಳೆಯದೆ, ಆ ನಿರ್ಣಯಕ್ಕೂ ಹಾರಾಟಕ್ಕೆ ಕೊಡುವಷ್ಟೇ ಮನ್ನಣೆಯನ್ನು ಶಾಲೆಗಳು ನೀಡಲಿ.