ಮಾತೂ ಧಾತುವೂ

ಹಾಡನ್ನು ತಾನೇ ರಚಿಸಿ, ಅದಕ್ಕೆ ಧಾಟಿಯನ್ನು ತಾನೇ ಕೂಡಿಸುವವನನ್ನು ನಮ್ಮ ಶಾಸ್ತ್ರಕಾರರು ವಾಗ್ಗೇಯಕಾರನೆಂದು ಕರೆದಿರುವರು. ಶಾಸ್ತ್ರದ ಪರಿಭಾಷೆಯಲ್ಲಿ ಹಾಡಿನ ಸಾಹಿತ್ಯಕ್ಕೆ 'ಮಾತು' ಎಂದೂ ಧಾಟಿಗೆ 'ಧಾತು' ಎಂದೂ ಹೆಸರು. ಸಂಸ್ಕೃತದ ಈ ಪಾರಿಭಾಷಿಕ ಶಬ್ದವು ಕನ್ನಡಿಗರ ಕಿವಿಗೆ ಮನೆಯ ಮಾತಾಗಿಯೇ ಕೇಳುವುದೊಂದು ಸೊಗಸು. ಮಾತು ಧಾತುಗಳೆರಡನ್ನೂ ಬಲ್ಲವನ ಕೀರ್ತಿಯು ಲೋಕದಲ್ಲಿ ನಿಲ್ಲುವುದು ನ್ಯಾಯವೇ. ಆದರೆ ಅವನ ಪಕ್ಕದಲ್ಲಿ ಕುಳಿತು ತಾಳ ಹಿಡಿದವನು, ದನಿಗೂಡಿಸಿದವನು, ಮದ್ದಲೆ ನುಡಿಸಿದವನು ಯಾರೆಂದು ಕೇಳುವವರು ವಿರಳ. ಈ ತಿಂಗಳು ಅವರ ವಿಷಯವಾಗಿ ಎರಡು ಮಾತುಗಳನ್ನು ವಾಚಕರ ಮುಂದಿಡುವೆವು.

ಸಿರುಗುಪ್ಪೆಯ ಸಮೀಪದಲ್ಲಿ ತುಂಗಭದ್ರೆಯ ದಡದ ಮೇಲಿರುವ ನಮ್ಮ ಕೆಂಚನಗುಡ್ಡವು ಶ್ರೀ ವಸುಧೇಂದ್ರತೀರ್ಥರ ಬೃಂದಾವನವುಳ್ಳ ಸ್ಥಳ. ಈ ಹೊಳೆಯ ಎರಡು ದಡಗಳ ಸೀಮೆಯೂ ದಾಸರ ಸೀಮೆಯೇ ಸರಿ. ಚೀಕಲಪರವಿಯಲ್ಲಿ ಹುಟ್ಟಿ 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹವಿಟ್ಟ ವಿಜಯದಾಸರು, 1728ರಿಂದ 1809ರ ವರೆಗೆ ಬಾಳಿದ ಮಾನ್ವಿಯ ಜಗನ್ನಾಥದಾಸರು, ಇವರೆಲ್ಲ ಈ ನೀರನ್ನೇ ಕುಡಿದ ವಾಗ್ಗೇಯಕಾರರು. ವಿಜಯವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳು ಪ್ರತಿಯೊಂದು ಹಾಡಿನ ಕೊನೆಯಲ್ಲಿಯೂ ಮುದ್ರೆಯಂತೆ ಕುಳಿತಿರುವುದರಿಂದ, ಕರ್ತೃವು ಯಾರೆಂಬ ಸಂದೇಹಕ್ಕೆ ಎಡೆಯಿಲ್ಲ. ತಾಳ ಹಿಡಿದವನಿಗೆ ಅಂಕಿತವೆಲ್ಲಿಯದು?

ಇದರಿಂದಾದ ನಷ್ಟವೇನೆಂಬುದನ್ನು ನೋಡುವಣ. ದಾಸರ ಹಾಡುಗಳ ಮಾತು ಓಲೆಗರಿಗಳಲ್ಲಿ ಬರೆಹಕ್ಕೆ ಇಳಿಯಿತು. ಬಳಿಕ ಅಚ್ಚಿಗೂ ಬಂದಿತು. ಧಾತುವಿಗೆ ಆ ಆಸರೆಯಿರಲಿಲ್ಲ. ಅದು ಜೊತೆಗೂಡಿ ಹಾಡಿದವರ ಕಂಠದಲ್ಲಿಯೂ ಬೆರಳಿನಲ್ಲಿಯೂ ಮಾತ್ರ ಇದ್ದಿತು. ಅವರ ಸಾಲು ಕಡಿದಲ್ಲೆಲ್ಲ ಧಾತುವೂ ಕಡಿಯಿತು. ಪುರಂದರದಾಸರ ಪದಗಳಲ್ಲಿ ಹೆಚ್ಚಿನವುಗಳ ಮೂಲ ಧಾಟಿಯು ಇಂದು ಉಳಿದಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿಯೂ ಮತ್ತೊಬ್ಬರು ಮತ್ತೊಂದರಲ್ಲಿಯೂ ಹಾಡುವುದಕ್ಕೆ ಇದೇ ಕಾರಣವು.

ಪೂರ್ವಿಕರು ಈ ಅಪಾಯವನ್ನು ಅರಿಯದವರಲ್ಲ. ದೇವಗಿರಿಯ ಯಾದವರ ಆಶ್ರಯದಲ್ಲಿ 13ನೆಯ ಶತಮಾನದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ಹೇಳಿದ ಅಧ್ಯಾಯದಲ್ಲಿಯೇ ವೃಂದದ, ಎಂದರೆ ಮೇಳದ, ಲಕ್ಷಣವನ್ನೂ ಹೇಳಿರುವನು. ನಮ್ಮ ಹೊಳೆಯ ದಡದ ವಿಜಯನಗರದಲ್ಲಿಯೇ 15ನೆಯ ಶತಮಾನದಲ್ಲಿ ಕಲ್ಲಿನಾಥನು ಈ ಗ್ರಂಥಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನವನ್ನು ಬರೆದನು. ಉತ್ತಮ ವೃಂದದಲ್ಲಿ ಮುಖ್ಯಗಾಯಕರು ನಾಲ್ವರು. ಅವರಿಗೆ ದನಿಗೂಡಿಸುವ ಗಾಯಕರು ಎಂಟು ಮಂದಿ, ಗಾಯಕಿಯರು ಹನ್ನೆರಡು ಮಂದಿ. ಕೊಳಲಿನವರು ನಾಲ್ವರು, ಮದ್ದಲೆಯವರು ನಾಲ್ವರು. ನಾಲ್ವರ ಹಾಡಿಗೆ ಇಪ್ಪತ್ತೆಂಟು ಮಂದಿಯ ಆಧಾರ!

ವೃಂದಕ್ಕೆ ಆರು ಗುಣಗಳನ್ನು ಶಾಸ್ತ್ರಕಾರನು ಎಣಿಸಿರುವನು. ಮುಖ್ಯನನ್ನು ಅನುಸರಿಸುವುದು, ಒಂದಾಗಿ ಬೆರೆಯುವುದು, ತಾಳದ ಲಯವನ್ನು ಬಿಡದಿರುವುದು, ಮೂರು ಸ್ಥಾಯಿಗಳಲ್ಲಿಯೂ ಸಂಚರಿಸುವ ಶಕ್ತಿ, ಕಂಠಗಳ ಹೋಲಿಕೆ, ಇವು ಐದು. ಉಳಿದೊಂದೇ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹಿರಿದಾಗಿ ತೋರುವುದು: ಒಬ್ಬನಲ್ಲಿ ಕಡಿದುದನ್ನು ಮತ್ತೊಬ್ಬನು ಎತ್ತಿಕೊಂಡು ಸಾಗಿಸುವುದು. ಮುಖ್ಯನಿಗೆ ಉಸಿರು ತೀರಿದಾಗ, ಪದ ಮರೆತಾಗ, ಪಕ್ಕದವನು ಎತ್ತಿಕೊಳ್ಳುವನು; ಕೇಳುವವರಿಗೆ ಅದು ತಿಳಿಯುವುದೇ ಇಲ್ಲ. ಕೂಡುಕುಟುಂಬವನ್ನು ಕಂಡವರಿಗೆ ಈ ಧರ್ಮದ ಬೆಲೆಯನ್ನು ಬೇರೆ ಹೇಳಬೇಕಾದುದಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯುಂಟು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಅಲೆಮಾರಿಗಳಾದ ಬುಡ್ಗಜಂಗಮರ ಕುಲದವರು, ಅಕ್ಷರವನ್ನು ಕಲಿತವರಲ್ಲ. ಹನ್ನೆರಡು ಮಹಾಕಾವ್ಯಗಳನ್ನು ನಾಲಗೆಯ ಮೇಲಿಟ್ಟುಕೊಂಡಿದ್ದ ಆ ತಾಯಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿಯೂ ಸಂದುವು. ಬುರ್ರಕಥೆಯು ಒಬ್ಬರಿಂದ ಆಗುವ ಕಲೆಯಲ್ಲ. ನಡುವೆ ತಂಬೂರಿ ಹಿಡಿದ ಮುಖ್ಯ ಕಥೆಗಾರರು. ಇಕ್ಕೆಲದಲ್ಲಿ ಚರ್ಮವಾದ್ಯವನ್ನು ನುಡಿಸುತ್ತ, ಪಲ್ಲವಿಯನ್ನು ಎತ್ತಿಕೊಡುತ್ತ, ಹೂಂಗುಟ್ಟುತ್ತ ಕಥೆಯನ್ನು ಮುಂದೆ ನೂಕುವವರು. ಪ್ರಶಸ್ತಿಪತ್ರದಲ್ಲಿಯಾದರೋ ಒಂದೇ ಹೆಸರಿಗೆ ಸ್ಥಳ. ಈರಮ್ಮನವರು 2014ರಲ್ಲಿ ತೀರಿಕೊಂಡರು. ಅವರ ಕಾವ್ಯಗಳಲ್ಲಿ ಕೆಲವನ್ನು ವಿಶ್ವವಿದ್ಯಾಲಯವು ಅಚ್ಚುಹಾಕಿಸಿರುವುದು ಪುಣ್ಯಕಾರ್ಯವೇ; ಆದರೆ ಅಚ್ಚಿನಲ್ಲಿ ಉಳಿದುದು ಮಾತು. ಧಾತುವು ಉಳಿಯಬೇಕಾದರೆ ಪಕ್ಕದಲ್ಲಿ ನಿಂತು ಕಲಿಯುವವರು ಉಳಿಯಬೇಕು.

ಧ್ವನಿಯನ್ನು ಹಿಡಿದಿಡುವ ಯಂತ್ರವು ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಇರುವಾಗ ಈ ಚಿಂತೆಯೇಕೆಂದು ಕೆಲವರು ಕೇಳಬಹುದು. ಯಂತ್ರವು ಹಾಡಿದುದನ್ನು ಹಾಡಿದಂತೆ ಒಪ್ಪಿಸುವುದು ನಿಜ. ಆದರೆ ನಾಳೆ ಹಾಡುವವನಿಗೆ ಉಸಿರು ತೀರಿದರೆ ಅದು ಪಲ್ಲವಿಯನ್ನು ಎತ್ತಿಕೊಳ್ಳುವುದೆ?

ಗೃಹಸ್ಥರಿಂದ ಆಗಬೇಕಾದುದು ದೊಡ್ಡ ಕಾರ್ಯವೇನೂ ಅಲ್ಲ. ಮನೆಯ ಮದುವೆಯಲ್ಲಿಯೋ ಊರಿನ ಉತ್ಸವದಲ್ಲಿಯೋ ಹಾಡಿಸುವಾಗ, ಕರೆಯೋಲೆಯಲ್ಲಿ ಹಾಡುವವರ ಹೆಸರಿನ ಕೆಳಗೆ ಪಕ್ಕವಾದ್ಯದವರ ಹೆಸರುಗಳನ್ನೂ ಅಚ್ಚುಹಾಕಿಸತಕ್ಕದ್ದು. ಸಂಭಾವನೆಯನ್ನು ಮುಖ್ಯನ ಕೈಗೆ ಒಟ್ಟಾಗಿ ಕೊಟ್ಟು ಕೈತೊಳೆದುಕೊಳ್ಳದೆ, ಪ್ರತಿಯೊಬ್ಬರಿಗೂ ತಾಂಬೂಲದೊಡನೆ ಬೇರೆ ಬೇರೆಯಾಗಿ ಒಪ್ಪಿಸತಕ್ಕದ್ದು. ಶನಿವಾರದ ಭಜನೆಗೆ ಮಕ್ಕಳನ್ನು ಕರೆದೊಯ್ದಾಗ ಅವರನ್ನು ತಾಳ ಹಿಡಿದವರ ಬಳಿಯಲ್ಲಿ ಕುಳ್ಳಿರಿಸತಕ್ಕದ್ದು. ಎಲ್ಲ ಮಕ್ಕಳೂ ವಾಗ್ಗೇಯಕಾರರಾಗಲಾರರು. ಮತ್ತೊಬ್ಬರ ಹಾಡು ಕಡಿಯದಂತೆ ಎತ್ತಿಕೊಳ್ಳುವುದನ್ನು ಯಾವ ಮಗುವಾದರೂ ಕಲಿಯಬಹುದು. ಅದನ್ನು ಕಲಿತ ಮಗುವಿನಿಂದ ಹಾಡಿಗೂ ಮೇಲು, ಮನೆಗೂ ಮೇಲು.