ಆ ಎರಡೂವರೆ ರೂಪಾಯಿ ಬಾದನಹಟ್ಟಿಗೆ ಬಂತಾ?

ಬಾಹ್ಯಾಕಾಶಕ್ಕೆ ಹಾಕಿದ ದುಡ್ಡು ಏನಾಯ್ತು ಅಂತ ಯಾರಾದರೂ ಕೇಳಿದರೆ ಈಗ ಕೊಡೋಕೆ ಒಂದು ಲೆಕ್ಕ ಇದೆ. ಇಸ್ರೋಗಾಗಿ ಯುರೋಪಿನ ನೋವಾಸ್ಪೇಸ್ ಸಂಸ್ಥೆ ಮಾಡಿದ ಅಧ್ಯಯನ 2024ರಲ್ಲಿ ಹೊರಬಂತು. ಈ ಕ್ಷೇತ್ರದಲ್ಲಿ ಹುಟ್ಟುವ ಪ್ರತಿ 1 ರೂಪಾಯಿಯಿಂದ ದೇಶದ ಆರ್ಥಿಕತೆಗೆ 2.54 ರೂಪಾಯಿ ಸೇರುತ್ತದೆ, ಒಟ್ಟು 47 ಲಕ್ಷ ಉದ್ಯೋಗಗಳಿಗೆ ಇದು ಆಸರೆ ಅಂತ ಅದರ ಸಾರ.

ಲೆಕ್ಕ ಸಂತೋಷದ್ದೇ. ಆದರೆ ನಮ್ಮ ಕುರುಗೋಡು, ಸಿರುಗುಪ್ಪ ಕಡೆ ಕಟ್ಟೆ ಮೇಲೆ ಕೂತವರ ಮುಂದೆ ಇದನ್ನ ಹೇಳಿ ನೋಡಿ. "ಚಂದ್ರನ ಮ್ಯಾಲೆ ನೀರು ಹುಡುಕ್ತಾರಂತೆ, ಒಳ್ಳೇದಾತು. ನಮ್ಮ ಕಾಲುವೆ ಕೊನೇ ಹೊಲಕ್ಕೆ ನೀರು ಯಾವಾಗ ಬರ್ತೈತೆ, ಅದನ್ನೊಂದು ಕೇಳಪ್ಪ" ಅಂತಾರೆ. ಇದನ್ನು ತಮಾಷೆ ಅಂತ ತಳ್ಳಿ ಹಾಕುವ ಹಾಗಿಲ್ಲ. ಕಾಲುವೆಯ ಮೇಲ್ಭಾಗ ಹಸಿರಾಗಿ, ಕೊನೆಯ ಭಾಗ ಒಣಗಿ ನಿಂತಿರೋದು ಉಪಗ್ರಹದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವಂಥದ್ದೇ. ಕಾಣುತ್ತದೆ, ಆದರೆ ಯಾರಿಗೆ ಕಾಣುತ್ತದೆ? ಈ ವಾರದ ಮಾತು ಅದರ ಬಗ್ಗೆ.

ಮೊದಲು ಹಳೇ ಕತೆ. ಭಾರತದಲ್ಲಿ ಉಪಗ್ರಹ ಹಳ್ಳಿಯ ಬಾಗಿಲಿಗೆ ಬಂದದ್ದು 1975ರಲ್ಲಿ. ಅಮೆರಿಕದ ನಾಸಾದಿಂದ ಎಟಿಎಸ್-6 ಅನ್ನೋ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಮುಟ್ಟಿಸಿದರು. 'ಸೈಟ್' ಅಂತ ಅದರ ಹೆಸರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ರಾಯಚೂರು ಅಂದರೆ ನಮಗೆ ದೂರವೇನಲ್ಲ, ಸಿರುಗುಪ್ಪ ದಾಟಿ ತುಂಗಭದ್ರೆಯ ಆಚೆ ದಂಡೆ. ಕೋಳಿ ಗೂಡಿಗೆ ಹೊದಿಸುವಂಥ ತಂತಿ ಜಾಲರಿಯ ಮೂರು ಮೀಟರ್ ಅಗಲದ ಆಂಟೆನಾ, ಊರಿನ ಸಾರ್ವಜನಿಕ ಜಾಗದಲ್ಲಿ ಒಂದೇ ಟಿವಿ. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಕನ್ನಡದಲ್ಲೇ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಆ ಪ್ರಯೋಗದಲ್ಲಿ ನನಗೆ ಹಿಡಿಸಿದ್ದು ಒಂದೇ ಅಂಶ: ಆಕಾಶದಿಂದ ಬಂದದ್ದನ್ನು ಊರವರೆಲ್ಲ ಒಟ್ಟಿಗೆ, ತಮ್ಮ ಭಾಷೆಯಲ್ಲಿ ನೋಡುತ್ತಿದ್ದರು.

ಈಗಿನದು ಬೇರೆ. ಈಗ ನಾವು ಉಪಗ್ರಹ ನೋಡೋದಲ್ಲ, ಉಪಗ್ರಹವೇ ನಮ್ಮನ್ನು ನೋಡುತ್ತದೆ.

ಹೇಗೆ ನೋಡುತ್ತದೆ ಅಂತ ರೈತರ ಅಳತೆಯಲ್ಲೇ ಹೇಳಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಡಿಯಲ್ಲಿ ಹೇಳಿದರೆ ಹೆಚ್ಚುಕಡಿಮೆ 33 ಅಡಿಗೆ 33 ಅಡಿ. ನಮ್ಮ ಗುಂಟೆಯೂ ಅಷ್ಟೇ! ಒಂದು ಎಕರೆ ಅಂದರೆ 40 ಚುಕ್ಕೆ. ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾದಲ್ಲಿ ಒಂದು ಚುಕ್ಕೆ 23.5 ಮೀಟರ್, ಅಂದರೆ ಸುಮಾರು ಐದೂವರೆ ಗುಂಟೆ. ಎರಡೆಕರೆ ಮೆಣಸಿನಕಾಯಿ ಹಾಕಿದವರ ಹೊಲ ಅದರಲ್ಲಿ ಹದಿನೈದು ಚುಕ್ಕೆ ಮಾತ್ರ. ಬದುವಿಗೆ ಹೊಂದಿದ ಚುಕ್ಕೆಯಲ್ಲಿ ನಮ್ಮ ಮೆಣಸಿನಕಾಯಿ, ಪಕ್ಕದವರ ಹತ್ತಿ ಎರಡೂ ಕಲೆತು ಹೋಗುತ್ತವೆ.

ಮೋಡ ಕವಿದರೆ ಈ ಕ್ಯಾಮೆರಾಗಳಿಗೆ ಏನೂ ಕಾಣಲ್ಲ. ಅದಕ್ಕೇ ರೇಡಾರ್ ಉಪಗ್ರಹಗಳು ಬೇಕು. 2022ರ ಫೆಬ್ರವರಿ 14ರಂದು ಹಾರಿದ ಇಒಎಸ್-04, 2025ರ ಜುಲೈ 30ರಂದು ಹಾರಿದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್ ಇಂಥವು. ನಾಟಿಗೆ ನೀರು ಕಟ್ಟಿದ ಗದ್ದೆ ಕನ್ನಡಿಯಂತೆ ರೇಡಾರ್ ಅಲೆಯನ್ನು ಆಚೆ ಚಿಮ್ಮಿಸಿಬಿಡುತ್ತದೆ, ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಪೈರು ಮೇಲೆದ್ದಂತೆ ಅದೇ ಜಾಗ ಬೆಳ್ಳಗಾಗುತ್ತದೆ. ಹೀಗೆ ನೆಲ್ಲು ಯಾವಾಗ ನಾಟಿಯಾಯ್ತು, ಹೇಗೆ ಬೆಳೀತು ಅನ್ನೋದೆಲ್ಲ ಗೊತ್ತಾಗುತ್ತದೆ.

ಇದು ಬರೀ ವಿಜ್ಞಾನದ ಮಾತಲ್ಲ, ವಿಮೆಯ ಮಾತು. ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ತಿಳಿಯೋಕೆ ಮೊದಲು ಬೆಳೆ ಕಟಾವು ಪ್ರಯೋಗ ಒಂದೇ ದಾರಿ ಇತ್ತು. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಉಪಗ್ರಹ ಆಧಾರಿತ ಅಂದಾಜಿಗೂ ಕನಿಷ್ಠ ಶೇ 30ರಷ್ಟು ಪಾಲು ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಬಂದಿದೆ. ಅಂದರೆ ಪರಿಹಾರದ ಲೆಕ್ಕದಲ್ಲಿ ಆಕಾಶದ ಕಣ್ಣಿಗೂ ಸಾಕ್ಷಿಯ ಸ್ಥಾನ ಸಿಗುತ್ತಿದೆ.

ಇಲ್ಲೇ ತೊಡಕು. ಉಪಗ್ರಹಕ್ಕೆ ಪೈರು ಕಾಣುತ್ತದೆ, ನಾಟಿ ಮಾಡಿದ ಕೈ ಕಾಣಲ್ಲ. ಅದು ಯಾರ ಬೆಳೆ ಅನ್ನೋದನ್ನು ಪಹಣಿ ಹೇಳಬೇಕು. ನಮ್ಮ ಕಡೆ ಎಷ್ಟೋ ಹೊಲ ಗುತ್ತಿಗೆಗೆ, ಪಾಲಿಗೆ ನಡೆಯುತ್ತವೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಕೆಲವು ವಿನಾಯಿತಿ ಬಿಟ್ಟರೆ ಕೃಷಿ ಭೂಮಿ ಗೇಣಿಗೆ ಕೊಡೋದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಹಾಗಾಗಿ ವ್ಯವಹಾರ ಎಲ್ಲ ಬಾಯಿಮಾತಿನದು, ಕಾಗದ ಇರಲ್ಲ. ಗುತ್ತಿಗೆದಾರರೂ ವಿಮೆ ಮಾಡಿಸಬಹುದು ಅಂತ ಯೋಜನೆ ಹೇಳುತ್ತದೆ, ದಾಖಲೆ ತನ್ನಿ ಅಂತಲೂ ಹೇಳುತ್ತದೆ. ಬೀಜ, ಗೊಬ್ಬರ, ಕೂಲಿ ಹಾಕಿದವರು ಒಬ್ಬರು, ಖಾತೆಗೆ ದುಡ್ಡು ಬರೋದು ಇನ್ನೊಬ್ಬರಿಗೆ. ಕ್ಯಾಮೆರಾ ಎಷ್ಟು ಚುರುಕಾದರೂ ಈ ಅಂತರ ತುಂಬಲ್ಲ. ಅದನ್ನು ತುಂಬಬೇಕಾದದ್ದು ಕಂದಾಯ ಕಾನೂನು.

ಇನ್ನೊಂದು ಬದಲಾವಣೆ ಗಮನಿಸಿ. 2020ರಲ್ಲಿ ಕೇಂದ್ರ ಸರ್ಕಾರ ಈ ಕ್ಷೇತ್ರದ ಬಾಗಿಲನ್ನು ಖಾಸಗಿಯವರಿಗೆ ತೆರೆಯಿತು, ಅನುಮತಿ ಕೊಡೋಕೆ ಇನ್‌ಸ್ಪೇಸ್ ಬಂತು. 2023ರ ಏಪ್ರಿಲ್‌ನಲ್ಲಿ ಭಾರತೀಯ ಬಾಹ್ಯಾಕಾಶ ನೀತಿಗೆ ಸಂಪುಟದ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ತನ್ನ ಮೂರು ಫೈರ್‌ಫ್ಲೈ ಉಪಗ್ರಹಗಳನ್ನು ಹಾರಿಸಿತು. ಅದೇ ವರ್ಷ ಪಿಕ್ಸೆಲ್ ಮುಂದಾಳತ್ವದ ಕಂಪನಿಗಳ ಕೂಟ ಭೂಮಿ ನೋಡುವ 12 ಉಪಗ್ರಹಗಳ ಯೋಜನೆಗೆ ಆಯ್ಕೆಯಾಯಿತು. ಆ ಕೂಟದಲ್ಲಿರುವ ಸ್ಯಾಟ್‌ಶೂರ್ ಅನ್ನೋ ಬೆಂಗಳೂರಿನ ಕಂಪನಿ, ಕೃಷಿ ಸಾಲಕ್ಕೆ ಬೇಕಾಗುವ ಹೊಲದ ಮಾಹಿತಿಯನ್ನು ಬ್ಯಾಂಕುಗಳಿಗೆ ಒದಗಿಸುತ್ತದೆ. ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಸಿಗುವ ಉದ್ಯಮ ಇದು, ಬೆಳೆಯಲಿ. ಆದರೆ ಬ್ಯಾಂಕಿಗೂ ವಿಮಾ ಕಂಪನಿಗೂ ಕಾಣುವ ನನ್ನ ಹೊಲದ ಚಿತ್ರ ನನಗ್ಯಾಕೆ ಕಾಣಬಾರದು? ಸಾಲ ಇಲ್ಲ ಅಂದಾಗ, ಪರಿಹಾರ ಇಲ್ಲ ಅಂದಾಗ "ಯಾವ ಚಿತ್ರ ನೋಡಿ ಹೇಳಿದ್ರಿ, ತೋರಿಸಿ" ಅಂತ ಕೇಳುವ ಹಕ್ಕು ರೈತರಿಗೆ ಇರಬೇಕು.

ಅಲ್ಲಿವರೆಗೆ ನಮ್ಮ ಕೈಯಲ್ಲಿರೋದನ್ನಾದರೂ ಬಿಡಬಾರದು. ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಅದು ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಮ್ಮ ಬೆಳೆಯ ಫೋಟೊ ನಾವೇ ಹಾಕಬಹುದು. ಬೇರೆಯವರು ಬಂದು ಮಾಡಿ ಹೋಗಿದ್ದರೆ ಬೆಳೆ ದರ್ಶಕ್‌ನಲ್ಲಿ ಏನು ದಾಖಲಾಗಿದೆ ಅಂತ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಮೆಣಸಿನಕಾಯಿ ಇದ್ದಲ್ಲಿ ಹತ್ತಿ ಅಂತ ಬಿದ್ದರೆ ವಿಮೆ ತಾಳೆಯಾಗಲ್ಲ, ಬೆಳೆ ಹೋದ ಮೇಲೆ ಓಡಾಡಿ ಪ್ರಯೋಜನವೂ ಇಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗೋ ಮಗಳೋ ಮೊಮ್ಮಗನೋ ಇದ್ದರೆ ಇದು ಹತ್ತು ನಿಮಿಷದ ಕೆಲಸ.

ಪಂಚಾಯಿತಿಗಳಿಗೂ ಒಂದು ಮಾತು. ಐವತ್ತು ವರ್ಷದ ಹಿಂದೆ ನದಿಯ ಆಚೆ ದಂಡೆಯಲ್ಲಿ ಒಂದು ಟಿವಿಯನ್ನು ಊರಿಗೆಲ್ಲ ಇಟ್ಟಿದ್ದರು. ಇವತ್ತು ಹಂಗಾಮಿಗೆ ಎರಡು ಸಲ ಊರಿನ ಬೆಳೆ ನಕ್ಷೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪಂಚಾಯಿತಿ ಗೋಡೆಗೆ ಅಂಟಿಸೋದಕ್ಕೆ ಎಷ್ಟು ಖರ್ಚಾದೀತು? ಯಾವ ನಂಬರಿಗೆ ಯಾವ ಬೆಳೆ, ಯಾವ ತೂಬಿನ ಕೆಳಗೆ ನೀರು ಮುಟ್ಟಿಲ್ಲ, ಎಲ್ಲರೂ ನಿಂತು ನೋಡಲಿ, ತಪ್ಪಿದ್ದರೆ ಅಲ್ಲೇ ಹೇಳಲಿ. ಆ 2.54 ರೂಪಾಯಿಯಲ್ಲಿ ಬಾದನಹಟ್ಟಿಯ ಪಾಲೆಷ್ಟು ಅನ್ನೋದು ಆಗ ಅಂಕಿಸಂಖ್ಯೆಯ ಮಾತಾಗಿ ಉಳಿಯಲ್ಲ, ಕಟ್ಟೆ ಮೇಲಿನ ಹಿರಿಯರೇ ಗೋಡೆ ನೋಡಿ ಹೇಳಿಯಾರು.